ಹೆಪ್ಪಿನ ಮಡಕೆ ಮತ್ತು ಮನೆಯಳಿಯ

ಅತ್ತೆಮನೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲ ಎಂಬುದು ಯತ್ತಪ್ಪನ ಹನ್ನೊಂದು ವರ್ಷದ ದೂರು. ಮನೆಯಳಿಯನಾಗಿ ಬಬ್ಬೂರಿಗೆ ಬಂದು ಅಷ್ಟೇ ವರ್ಷವಾಗಿತ್ತು. ಕೃಷಿ ಸಂಶೋಧನಾ ಕೇಂದ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಕೆಲಸ, ಇಸ್ತ್ರಿಯ ಖಾಕಿ ಅಂಗಿ, ಎಲ್ಲ ಇದ್ದೂ ಅತ್ತೆ ಹುಚ್ಚಕ್ಕನ ಕಣ್ಣಿಗೆ ಅವನಿಗಿಂತ ಹೆಪ್ಪಿನ ಮಡಕೆಯೇ ದೊಡ್ಡದು. (ಮಡಕೆ ಆಕೆಯ ಅತ್ತೆಯ ಕಾಲದ್ದು. ಸೀನಿಯಾರಿಟಿಯಲ್ಲಿ ಇವನು ಹಿಂದೆ.)

ಆ ಮಡಕೆಯ ತಳದಲ್ಲಿ ಹಿಂದಿನ ದಿನದ ಒಂದು ಚಮಚ ಮೊಸರನ್ನು ಉಳಿಸಿ, ಅದರ ಮೇಲೇ ಕಾಸಿ ಆರಿಸಿದ ಹಾಲು ಹೊಯ್ಯುವುದು ಮನೆಯ ಪದ್ಧತಿ. ಮಡಕೆಗೆ ಬಿಸಿನೀರು ತಾಕಿಸುವಂತಿಲ್ಲ. ಬರುವ ಸೋಮವಾರ ಮನೆದೇವರಿಗೆ ಮೀಸಲು ಮೊಸರು ಒಯ್ಯುವುದಿತ್ತು. ಅದೂ ಇದೇ ಹೆಪ್ಪಿನದ್ದಾಗಬೇಕು.

ಶುಕ್ರವಾರ ಮಧ್ಯಾಹ್ನ ಸಾಹೇಬರಾದ ಮುರುಗೇಶಪ್ಪನವರು ಯತ್ತಪ್ಪನ ಬುತ್ತಿಯ ಮಜ್ಜಿಗೆಯದೇ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವನನ್ನು ಕರೆದರು. ಕಡ್ಡಿಯಂಥವು, ಮಣಿಯಂಥವು, ಲೆಕ್ಕವಿಲ್ಲದಷ್ಟು.

"ಇವೇ ಬ್ಯಾಕ್ಟೀರಿಯಾ," ಎಂದರು ಸಾಹೇಬರು. "ಸುತ್ತ ಒಂದು ಗೋಡೆ, ಒಳಗೆ ದಾರದ ಉಂಡೆ. ಆ ದಾರ ಎರಡಾಗುತ್ತೆ, ನಡುವೆ ಗೋಡೆ ಏಳುತ್ತೆ, ಮನೆ ಪಾಲಾಯ್ತು. ಹಸನಾಗಿದ್ರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತೆ. ಇವಕ್ಕೂ ಒಬ್ಬ ಶತ್ರು ಇದಾನೆ, ವೈರಸ್ ಅಂತ." ಅದನ್ನೂ ವಿವರಿಸಿ, "ಕೆಲವು ಬ್ಯಾಕ್ಟೀರಿಯಾ ರೋಗ ತರ್ತವೆ. ಆದ್ರೆ..." ಎನ್ನುವಾಗ ಗಂಟೆ ಹೊಡೆಯಿತು. ಯತ್ತಪ್ಪ ಗಂಟೆಗೆ ಬಹಳ ನಿಷ್ಠ. 'ಆದ್ರೆ' ಅಲ್ಲೇ ಉಳಿಯಿತು.

ಅಂದಿನಿಂದ ಅವನಿಗೆ ಮಡಕೆಯ ಮೇಲೆ ಗುಮಾನಿ ಹತ್ತಿತು. ಮಾವ ಕೆಮ್ಮಿ ಕೆಮ್ಮಿ ಸತ್ತದ್ದು, ತನಗೆ ಬಡ್ತಿ ತಪ್ಪಿದ್ದು, ಎಲ್ಲದರ ಬೇರು ಅಲ್ಲೇ ಕಂಡಿತು. ಎಪ್ಪತ್ತು ವರ್ಷದ ಮಡಕೆ, ಇಪ್ಪತ್ತು ನಿಮಿಷಕ್ಕೊಂದು ಪಾಲು! ಭಾನುವಾರ ಹೆಂಗಸರು ಮಕ್ಕಳೊಡನೆ ಬಟ್ಟೆ ಒಗೆಯಲು ಹೋದದ್ದೇ ತಡ, ಹಂಡೆಯ ಕುದಿನೀರನ್ನು ಮಡಕೆಗೆ ಹೊಯ್ದು ತೊಳೆದ. ಚಮಚ ಮೊಸರನ್ನು ಬೇರೆಯಾಗಿ ಚೆನ್ನಾಗಿ ಕುದಿಸಿ, ಮತ್ತೆ ತಳಕ್ಕೆ ಬಿಟ್ಟ. ಒಂದು ಸಂಸಾರವನ್ನು ಉಳಿಸಿದ ತೃಪ್ತಿಯಿಂದ ಎಲೆಯಡಿಕೆ ಹಾಕಿಕೊಂಡ.

ಸೋಮವಾರ ಬೆಳಿಗ್ಗೆ ಹೆಂಡತಿ ಜುಂಜಮ್ಮ ಮುಚ್ಚಳ ತೆಗೆದಳು. ರಾತ್ರಿ ಹೊಯ್ದಿದ್ದ ಹಾಲು ಹಾಲಾಗಿಯೇ ಇತ್ತು.

"ದೇವ್ರ ಮೀಸಲು ಹಿಂಗಾತಂದ್ರೆ ಯಾರೋ ಏನೋ ಮಾಡ್ಯಾರೆ," ಎಂದಳು ಹುಚ್ಚಕ್ಕ. ಅವಳ ನೋಟ ಮನೆಯನ್ನೆಲ್ಲ ಸುತ್ತಿ ಅಳಿಯನ ಮೇಲೆ ಬಂದು ಕೂತಿತು.

ಯತ್ತಪ್ಪ ಮುಂದೆ ಬಂದ. "ಯಾರೂ ಏನೂ ಮಾಡಿಲ್ಲ ಅತ್ತೆ. ಹೆಪ್ಪಿಗೆ ವೈರಸ್ಸು ಹೊಕ್ಕೈತೆ."

"ಅದೇನಪ್ಪ ಅದು?"

ಹನ್ನೊಂದು ವರ್ಷದಲ್ಲಿ ಅತ್ತೆ ಅವನನ್ನು ಕೇಳಿದ ಮೊದಲ ಪ್ರಶ್ನೆ. ಯತ್ತಪ್ಪ ಅಂಗಿ ಸರಿಪಡಿಸಿಕೊಂಡ.

"ಅದಕ್ಕೆ ಸ್ವಂತ ಮನೆ ಇಲ್ಲ, ಒಲೆ ಇಲ್ಲ. ಒಂದು ಚಿಪ್ಪು, ಒಳಗೊಂದೆಳೆ ದಾರ, ಅಷ್ಟೇಯ."

"ಮತ್ತೆ ಬದುಕಾದು ಹೆಂಗೆ?"

"ಬ್ಯಾರೇರ ಮನೆ ಹೊಕ್ಕಂತೈತೆ."

"ಹೊಕ್ಕಂಡು?"

"ಆ ಮನೆ ಸಾಮಾನಲ್ಲೇ ತನ್ನಂಥವನ್ನ ಹುಟ್ಟಿಸ್ತೈತೆ. ದುಡಿಯಾದೆಲ್ಲ ಆ ಮನೇದೇ."

"ಹುಟ್ಟಿದವೆಲ್ಲ ಅದರಂಗೇ ಇರ್ತಾವೋ?"

"ಅಚ್ಚು ಹೊಡೆದಂಗೆ."

ಹುಚ್ಚಕ್ಕ ಬಾಗಿಲಲ್ಲಿ ಸಾಲಾಗಿ ನಿಂತಿದ್ದ ನಾಲ್ಕು ಮೊಮ್ಮಕ್ಕಳನ್ನು ನೋಡಿದಳು. ನಾಲ್ಕಕ್ಕೂ ಯತ್ತಪ್ಪನದೇ ಚಪ್ಪಟೆ ಮೂಗು.

"ಕಡೀಗೆ ಏನ್ ಮಾಡ್ತೈತೆ?"

"ಕಡೀಗೆ ಆ ಮನೆ ಒಡ್ಕಂಡು..." ಎಂದವನಿಗೆ ಮಾತು ಎಲ್ಲಿಗೆ ಬಂದು ನಿಂತಿದೆ ಎಂದು ಹೊಳೆಯಿತು.

"ಒಡೆಯಾಕೆ ಎಷ್ಟು ವರ್ಷ ಹಿಡೀತೈತಪ್ಪ, ಹನ್ನೊಂದು?"

ಅಷ್ಟರಲ್ಲಿ ಜುಂಜಮ್ಮ ಹಾಲು ಬಗ್ಗಿಸಿ ಮಡಕೆಯೊಳಗೆ ಕೈಯಾಡಿಸಿದಳು. "ಅವ್ವಾ, ಒಳಗಿನ ಜಿಡ್ಡೇ ಇಲ್ಲ. ಕುದಿನೀರು ಬಿದ್ದೈತೆ." ಗಂಡನ ಕಡೆ ತಿರುಗಿದಳು. "ನಿನ್ನೆ ಮನೆಯಾಗೆ ಇದ್ದೋರು ನೀವೊಬ್ರೇ ಅಲ್ವೇನ್ರಿ?"

ಯತ್ತಪ್ಪ ಒಪ್ಪಿಕೊಂಡ. ಒಪ್ಪದೆ ಉಪಾಯವಿರಲಿಲ್ಲ. ಮೀಸಲು ಮುಂದಿನ ಸೋಮವಾರಕ್ಕೆ ಹೋಯಿತು. ಪಕ್ಕದ ಬೀದಿಯ ರಂಗಕ್ಕ ಹಿಂದೊಮ್ಮೆ ಇದೇ ಮನೆಯಿಂದ ಹೆಪ್ಪು ಒಯ್ದಿದ್ದಳು. ಅದರ ಸಂತಾನವನ್ನು ಬೇಡಿ ತರಲು ಲೋಟ ಕೊಟ್ಟು ಅವನನ್ನೇ ಕಳಿಸಿದರು. ರಂಗಕ್ಕ ಮೊದಲು ಇಡೀ ಕಥೆಯನ್ನು ಅವನ ಬಾಯಿಂದಲೇ ಹೊರಡಿಸಿ, ಆಮೇಲೆ ಹೆಪ್ಪು ಕೊಟ್ಟಳು. "ನಡಿ, ನಿಮ್ಮತ್ತೇನ ಮಾತಾಡಿಸ್ಕಂಡು ಬತ್ತೀನಿ," ಎಂದು ಬೆನ್ನಿಗೇ ಹೊರಟಳು. ಅದು ಅವನಿಗೆ ಸರಿಬೀಳಲಿಲ್ಲ.

ಅವನು ಮಿಂದು, ಉಂಡು, ಕೆಲಸಕ್ಕೆ ಹೋಗುವಷ್ಟರಲ್ಲಿ ಮುರುಗೇಶಪ್ಪನವರು ಬಾಗಿಲಲ್ಲೇ ನಿಂತಿದ್ದರು.

"ರಂಗಕ್ಕ ದಿನಾ ನಮ್ಮನೆಗೆ ಹಾಲು ಹಾಕ್ತಾಳೆ, ಗೊತ್ತಲ್ಲ? ಬ್ಯಾಕ್ಟೀರಿಯಾಕ್ಕೆ ಇಪ್ಪತ್ತು ನಿಮಿಷ ಬೇಕು ಯತ್ತಪ್ಪ. ನಿನ್ನ ಸುದ್ದಿಗೆ ಅಷ್ಟೂ ಬೇಕಾಗ್ಲಿಲ್ಲ."

ಯತ್ತಪ್ಪ ಹಾಜರಿ ಪುಸ್ತಕಕ್ಕೆ ಕೈ ಹಾಕಿದ.

"ನಿಮ್ಮತ್ತೆ ಅವಳ ಹತ್ರ ಒಂದು ಪ್ರಶ್ನೆ ಕೇಳಿ ಕಳಿಸಿದಾರೆ. ಮನೆ ಹೊಕ್ಕ ವೈರಸ್ಸನ್ನ ಹೊರಗೆ ಹಾಕೋಕೆ ಔಷಧಿ ಐತಾ ಅಂತ."

"ನೀವೇನಂದ್ರಿ ಸಾರ್?"

"ಇನ್ನೂ ಕಂಡುಹಿಡಿದಿಲ್ಲ ತಾಯಿ, ಅಲ್ಲೀತನಕ ಸಾಕ್ಕೋಬೇಕು ಅಂದೆ."