ನಡುವಿನ ಮನೆಯ ಆದಾಯ

ವಯಸ್ಸು ಕೇಳಿದರೆ ಹೇಳುವವರಿದ್ದಾರೆ, ಕಾಯಿಲೆ ಕೇಳಿದರೆ ಎಕ್ಸ್‌ರೇ ತಂದು ತೋರಿಸುವವರೂ ಇದ್ದಾರೆ. ಆದಾಯ ಎಷ್ಟು ಎಂದು ಕೇಳಿದರೆ ಮಾತ್ರ ನಮ್ಮ ಕಡೆಯವರು ಮಾಡಿನ ಹಂಚು ಎಣಿಸತೊಡಗುತ್ತಾರೆ. ಅದನ್ನೇ ಕೇಳಿಕೊಂಡು ತಿರುಗುವುದು ಒಂಬತ್ತು ವರ್ಷ ನನ್ನ ಹೊಟ್ಟೆಪಾಡಾಗಿತ್ತು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಆರಿಸಿದ ಅವೇ ಮನೆಗಳಿಗೆ ಪ್ರತಿವರ್ಷ ಹೋಗಬೇಕು. ಬಡವರಿಂದ ಸಿರಿವಂತರವರೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯ ಎಷ್ಟು, ಅದು ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ ಎಂದು ಮಂಗಳೂರಿನ ಸಮೀಕ್ಷೆಯ ಆಫೀಸಿಗೆ ಬರೆದು ಕೊಡಬೇಕು. ಸರಾಸರಿ ಅಲ್ಲ. ಸರಾಸರಿಯಾದರೆ ಸುಬ್ರಹ್ಮಣ್ಯದ ಒಬ್ಬ ಲಾಡ್ಜ್ ಯಜಮಾನ ಸಾಕು, ಅವನೊಬ್ಬನಿಂದ ಊರೆಲ್ಲ ಸಿರಿವಂತ. ಕೆಲಸ ಗುತ್ತಿಗೆಯದ್ದು. ಅಂಕಿ ಸರಿ ಇದ್ದರೆ ಮುಂದಿನ ವರ್ಷಕ್ಕೂ ಉಂಟು, ಇಲ್ಲದಿದ್ದರೆ ಇಲ್ಲ.

ಮೊದಲ ವರ್ಷ ನನಗೆ ಸಿಕ್ಕಿದ್ದು ಬೆಲ್ಲ, ನೀರು ಅಷ್ಟೆ. ಪಂಜದಲ್ಲಿ ರಬ್ಬರ್ ತೋಟ ಇರುವ ರೈಗಳು, "ಎಂತ ಆದಾಯ ಮಾರಾಯ್ರೆ, ಟ್ಯಾಪಿಂಗಿನವರಿಗೆ ಕೊಟ್ಟು ಉಳಿಯುದೆಂತ?" ಎಂದು ನನ್ನನ್ನೇ ಕೇಳಿದರು. ಮಂಡೆಕೋಲಿನಲ್ಲಿ ಜೀನಸು ಅಂಗಡಿ ಇಟ್ಟಿರುವ, ತಮ್ಮಂದಿರಿಬ್ಬರು ಗಲ್ಫಿನಲ್ಲಿರುವ ಹಮೀದ್ ಬ್ಯಾರಿಗಳು "ದೇವರು ಕೊಟ್ಟದ್ದು ಉಂಟು" ಎಂದರು. ದೇವರು ಕೊಟ್ಟದ್ದನ್ನು ಬರೆಯಲು ಫಾರಂನಲ್ಲಿ ಜಾಗ ಇರಲಿಲ್ಲ. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ನೀರು ಕುಡಿದು, ಬೆವರು ಒರೆಸಿ, ಮೊದಲು ನನ್ನ ಸಂಬಳವನ್ನೇ ಹೇಳಿ ಗೊಣಗುವುದು. ಹೈಸ್ಕೂಲ್ ಟೀಚರಾದ ಹೆಂಡತಿಯ ಸಂಬಳ ನನ್ನದಕ್ಕಿಂತ ದೊಡ್ಡದು, ಆ ವಿಷಯ ಎತ್ತುತ್ತಿರಲಿಲ್ಲ. ಕೂಡಲೇ ರೈಗಳ ಬಾಯಿ ಬಿಚ್ಚಿತು. ಬ್ಯಾರಿಗಳೂ ತಿಂಗಳಿಗೆ ಇಷ್ಟು ಎಂದು ಖಡಾಖಂಡಿತ ಹೇಳಿದರು. ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನಡುವೆ ಕಡಬ ಹೊಸ ತಾಲೂಕಾಯಿತು. ಕೆಲವು ಮನೆಗಳು ಕೂತಲ್ಲಿಂದ ಏಳದೆ ಪುತ್ತೂರು, ಸುಳ್ಯ ಬಿಟ್ಟು ಕಡಬ ಸೇರಿದವು. ಹಳೆಯ ವರ್ಷಗಳ ಲೆಕ್ಕದಿಂದಲೂ ಅವನ್ನು ಬಿಡಿಸಿ ಹೊಸ ಸಾಲು ಕಟ್ಟಲು ನಾನು ಪಟ್ಟ ಪಾಡು ನನ್ನ ಕನ್ನಡಕಕ್ಕೆ ಗೊತ್ತು. ಆದರೂ ನಡುವಿನ ಮನೆ, ಒಂದು ವರ್ಷ ಬಿಟ್ಟರೆ, ಮೂರು ತಾಲೂಕಿನಲ್ಲೂ ಶಿಸ್ತಾಗಿ ಏರುತ್ತಲೇ ಇತ್ತು. ಮಂಗಳೂರು ಆಫೀಸಿನ ಸಾಹೇಬರಿಗೆ ಅದೇ ಮೆಚ್ಚುಗೆಯಾಯಿತು. "ಬೇರೆಯವರ ಗ್ರಾಫಿನ ಗೆರೆ ಮಿಡತೆ ಹಾರಿದ ಹಾಗೆ ಉಂಟು, ನಿಮ್ಮದು ನೋಡಿ" ಎಂದು ಹೊಸಬರಿಗೆ ತರಬೇತಿ ಕೊಡಲು ನನ್ನನ್ನೇ ನಿಲ್ಲಿಸಿದರು. ನೀರು ಕುಡಿಯುವುದರಿಂದ ಗೊಣಗುವವರೆಗೆ ಎಲ್ಲವನ್ನೂ ಹೇಳಿಕೊಟ್ಟೆ. ಮುಂದಿನ ಬೆಂಚಿನ ಪ್ರಮೀಳಾ ಎಂಬಾಕೆ ಎಲ್ಲವನ್ನೂ ಬರೆದುಕೊಂಡಳು.

ತರಬೇತಿ ಮುಗಿಸಿ ಗೋಡೆಯ ಮೇಲಿನ ನನ್ನ ಗೆರೆಯನ್ನು ಹೆಮ್ಮೆಯಿಂದ ನೋಡುತ್ತಿದ್ದೆ. ಒಂದೇ ಒಂದು ವರ್ಷ ಅದು ಮೂರೂ ತಾಲೂಕಿನಲ್ಲಿ ಒಟ್ಟಿಗೆ ಇಳಿದಿತ್ತು. ಆ ವರ್ಷ ಎಂತ ಆಗಿತ್ತು ಎಂದು ಯೋಚಿಸಿದೆ. ರಬ್ಬರಿಗೆ ಒಳ್ಳೆಯ ಧಾರಣೆಯೇ ಇತ್ತು. ಸುಬ್ರಹ್ಮಣ್ಯದ ಲಾಡ್ಜುಗಳೂ ತುಂಬಿದ್ದವು. ನಾನು ಮಾತ್ರ ಸ್ಕೂಟರಿನಿಂದ ಬಿದ್ದು ಮೊಣಕಾಲು ಜಖಂ ಮಾಡಿಕೊಂಡು ಅರ್ಧ ಸಂಬಳದಲ್ಲಿದ್ದೆ. ನನ್ನ ಮೊಣಕಾಲಿಗೆ ಮೂರು ತಾಲೂಕು ಬಡವಾಗಿತ್ತು.

ಮರುದಿನವೇ ಪಂಜಕ್ಕೆ ಹೋಗಿ, ನನ್ನ ಸಂಬಳ ಕೇಳಿಯೇ ನಿಮ್ಮ ಆದಾಯ ಹೇಳುತ್ತಿದ್ದದ್ದಾ ಎಂದು ಕೇಳಿದೆ. ರೈಗಳು ನಗಲಿಲ್ಲ, ತಪ್ಪು ನನ್ನದೇ ಎನ್ನುವಂತೆ ಸಮಾಧಾನವಾಗಿ ವಿವರಿಸಿದರು. "ನೀವು ಮನೆಗೆ ಬಂದವರು. ಬಂದವರಿಗಿಂತ ನಮಗೆ ಹೆಚ್ಚುಂಟು ಅಂತ ಹೇಳುದು ಹೇಗೆ? ಅಹಂಕಾರ ಆಗ್ತದೆ. ತೀರಾ ಕಡಿಮೆ ಹೇಳಿದ್ರೆ ನಿಮಗೆ ಬೇಸರ. ಅದಕ್ಕೆ ನಿಮ್ಮದಕ್ಕಿಂತ ಸ್ವಲ್ಪ ಕೆಳಗೆ ಹೇಳುದು."

"ಹಾಗಾದರೆ ನಿಜ ಎಷ್ಟು?" ಎಂದೆ.

"ಈ ವರ್ಷ ನಿಮಗೆಷ್ಟು ಆಯ್ತು? ಮೊದಲು ಅದು ಹೇಳಿ."

ಬಾಯಿ ಮುಚ್ಚಿಕೊಂಡು ಕೂತಿದ್ದರೆ ಗೆರೆಯೂ ಏರುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಎರಡು ದಿನ ಹಾಗೆಯೇ ಕೂತೆ. ಮೂರನೆಯ ದಿನ ಮಂಗಳೂರಿಗೆ ಹೋಗಿ ಸಾಹೇಬರಿಗೆ ಎಲ್ಲ ಒಪ್ಪಿಸಿದೆ. ಅವರು ಗೆರೆಯನ್ನೊಮ್ಮೆ ನೋಡಿ, "ಇದನ್ನು ಯಾರಿಗೂ ಹೇಳಬೇಡಿ" ಎಂದರು. ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ದುಃಖವಾಯಿತು, ಸುಳ್ಳೇಕೆ ಹೇಳಲಿ. ಆದರೆ ಒಂಬತ್ತು ವರ್ಷದಲ್ಲಿ ನಾನು ತಂದ ಒಂದೇ ನಿಜವಾದ ಮಾಹಿತಿ ಅದು ಎಂಬ ಸಮಾಧಾನವೂ ಇತ್ತು.

ಕಳೆದ ತಿಂಗಳು ಪುತ್ತೂರಿನ ನಮ್ಮ ಮನೆಗೆ ಪ್ರಮೀಳಾ ಬಂದಳು. ಹೊಸ ಪಟ್ಟಿಯಲ್ಲಿ ನಮ್ಮ ಮನೆಯೂ ಬಿದ್ದಿತ್ತು. ಬೆಲ್ಲ ತಿಂದಳು, ನೀರು ಕುಡಿದಳು, ಬೆವರು ಒರೆಸಿದಳು. ಆಮೇಲೆ ತನ್ನ ಸಂಬಳ ಹೇಳಿ ಗೊಣಗಿದಳು. ಪಾಪ, ತೀರಾ ಸಣ್ಣ ಸಂಬಳ. ಅಷ್ಟು ದೂರದಿಂದ ಬಿಸಿಲಲ್ಲಿ ಬಂದವಳ ಎದುರು ಹೆಂಡತಿಯ ಸಂಬಳ ಹೇಳಲು ನನ್ನ ನಾಲಿಗೆ ಏಳಲಿಲ್ಲ.

"ನಮ್ಮದೂ ಹೆಚ್ಚು ಕಡಿಮೆ ಅಷ್ಟೇ ಮಾರಾಯ್ತಿ" ಎಂದೆ. "ಸ್ವಲ್ಪ ಕಡಿಮೆಯೇ ಬರ್ಕೊ."

ಅವಳು ಬರೆದುಕೊಂಡಳು. ಅಡುಗೆಮನೆಯಿಂದ ಹೆಂಡತಿ ಕೆಮ್ಮಿದ್ದು ಕೇಳಿಸಿತು.