ಮೂರನೇ ರಾಜನ ಸರದಿ

“ಮೂರನೇ ರಾಜನಿಂದಾನೇ ಶುರು ಮಾಡು” ಎಂದು ನವ್ಯಾ ಬಡಿದುಕೊಂಡಿದ್ದಳು. ಗುರುದತ್ ಕೇಳಲಿಲ್ಲ. ಯಾವುದನ್ನೇ ಆದರೂ ಮೊದಲಿನಿಂದ ಹೇಳದಿದ್ದರೆ ಅವನಿಗೆ ಅನ್ನ ಸೇರುವುದಿಲ್ಲ. ಅಂಥವನಿಗೆ ಪ್ರೇಮ ಯಾಕೆ ಬೇಕಿತ್ತೋ!

ಗುರುದತ್ ಕಡಲಾಚೆಯ ಕ್ಲಾಂಗ್ ಬಂದರಿನಲ್ಲಿ ನಾರ್ವೆಯವರ ಹಡಗು ಕಂಪನಿಯೊಂದರ ನೌಕರ. ನವ್ಯಾ ಬ್ರಿಕ್‌ಫೀಲ್ಡ್ಸ್‌ನಲ್ಲಿ ಸೀರೆ ಅಂಗಡಿ ಇಟ್ಟಿರುವ ದೇವೇಂದ್ರ ಅವರ ಒಬ್ಬಳೇ ಮಗಳು. ಮದುವೆಯ ಮಾತೆತ್ತಿದಾಗ ಅವಳು, “ಅಪ್ಪ ಒಪ್ಪಿದ್ರೆ ನಂಗೆ ಓಕೆ ಲಾ. ಫಸ್ಟ್ ಅಪ್ಪನ್ನ ಒಪ್ಸು” ಎಂದು ಅಲ್ಲಿನವರ ‘ಲಾ’ ಬೆರೆಸಿ ಹೇಳಿದ್ದಳು. ಮೈಸೂರಿನಿಂದ ಬಂದಿಳಿದಿದ್ದ ಗುರುದತ್‌ನ ಅಮ್ಮನನ್ನೂ ಒಪ್ಪಿಸಬೇಕಿತ್ತು. ಇಬ್ಬರ ಎದುರೂ ಬಾಯಿಬಿಡುವ ಧೈರ್ಯವಿಲ್ಲದೆ ಈ ಪುಣ್ಯಾತ್ಮ, ರಾಜರ ಮೊರೆ ಹೋದ.

ಕನ್ನಡ ಸಂಘದ ಭಾನುವಾರದ ಕೂಟದಲ್ಲಿ ನಾರ್ವೆಯ ರಾಜರ ಬಗ್ಗೆ ಅವನ ಭಾಷಣ. ದೇವೇಂದ್ರ ಮುಖ್ಯ ಅತಿಥಿ, ಅಮ್ಮ ಮೊದಲ ಸಾಲಿನಲ್ಲಿ. ಮೂರನೆಯವನಾದ ಹರಾಲ್ಡ್ ಬಟ್ಟೆ ವ್ಯಾಪಾರಿಯೊಬ್ಬರ ಮಗಳನ್ನು ಮೆಚ್ಚಿ, ತನ್ನ ಅಪ್ಪ ಒಪ್ಪುವವರೆಗೆ ಒಂಬತ್ತು ವರ್ಷ ಕಾದು ಮದುವೆಯಾದವನು. ಅದನ್ನು ಕೇಳಿದರೆ ಇಬ್ಬರೂ ಕರಗಿಬಿಡುತ್ತಾರೆ ಎಂದು ಗುರುದತ್ ನಂಬಿದ್ದ.

“ನಾರ್ವೆ ಸ್ವೀಡನ್ನಿನಿಂದ ಬೇರೆಯಾದಾಗ ಡೆನ್ಮಾರ್ಕಿನ ರಾಜಕುಮಾರನನ್ನ ಕರೆಸಿ ಪಟ್ಟ ಕಟ್ಟಿದರು” ಎಂದು ಶುರು ಮಾಡಿದ. “ಅವನು ಹೊಕೂನ್ ಅಂತ ಹೆಸರಿಟ್ಟುಕೊಂಡ. ಹೆಂಡತಿ ಇಂಗ್ಲೆಂಡಿನ ಮಾಡ್. ಅವಳು ಇವನ ಸೋದರತ್ತೆ ಮಗಳು.”

“ಅಯ್ಯೋ, ನಮ್ಮೋರ ಥರಾನೇ!” ಎಂದರು ಎದುರು ಫ್ಲಾಟಿನ ಚಂಪಾ ಆಂಟಿ.

“ಅವರ ಮಗ ಓಲಾವ್. ಅವನು ಸ್ವೀಡನ್ನಿನ ಮಾರ್ಥಾಳನ್ನ ಮದುವೆಯಾದ. ಅವಳೂ...”

“ಸೋದರತ್ತೆ ಮಗಳಾ?”

“ಹೌದು ಆಂಟಿ.”

ಸಭೆ ಚಪ್ಪಾಳೆ ತಟ್ಟಿತು. ದೇವೇಂದ್ರ ಅರಳಿದ ಮುಖದಲ್ಲಿ ಎದ್ದು, ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದರು. ಗುರುದತ್ ಬಾಗಿಲ ಕಡೆ ಕತ್ತು ಚಾಚಿದ. ಯಾರಿಗಾಗಿ ಇಷ್ಟೆಲ್ಲ ಓದಿದ್ದನೋ ಅವರೇ ಕುರ್ಚಿಯಲ್ಲಿಲ್ಲ!

ಇತ್ತ ಚಂಪಾ ಆಂಟಿ ಅಮ್ಮನ ಕಿವಿಗೆ ಬಾಗಿದರು. “ನಿಮ್ಮ ಮಗನಿಗೂ ಅತ್ತೆ ಮಗಳಿದಾಳಲ್ವಾ, ಪೂರ್ವಿ? ಬಾಯಿಬಿಟ್ಟು ಕೇಳಕ್ಕೆ ನಾಚ್ಕೊಂಡು ರಾಜರ ಕೈಲಿ ಹೇಳಿಸ್ತಿದಾನೆ ನೋಡ್ರೀ!”

ಅಮ್ಮನ ಕಣ್ಣಲ್ಲಿ ನೀರಾಡಿತು. “ಮೂರನೇ ರಾಜ...” ಎಂದು ಗುರುದತ್ ಬಾಯಿ ತೆರೆದ.

“ಸಾಕು ಬಿಡಪ್ಪಾ, ನಮಗೆಲ್ಲ ಅರ್ಥ ಆಯ್ತು!” ಎಂದು ಆಂಟಿ ಮೈಕು ಕಿತ್ತುಕೊಂಡು ಊಟಕ್ಕೆ ಕರೆದರು. ಸಭೆಗೆ ಸಭೆಯೇ ಬಿಸಿಬೇಳೆ ಬಾತಿನ ಕಡೆ ನುಗ್ಗಿತು.

ಅವನು ವೇದಿಕೆ ಇಳಿಯುವಷ್ಟರಲ್ಲಿ ಅಮ್ಮ ಮೈಸೂರಿಗೆ ವೀಡಿಯೊ ಕಾಲ್ ಮಾಡಿ ಆಗಿತ್ತು. ಪರದೆಯ ತುಂಬ ಅತ್ತೆಯ ಆನಂದಬಾಷ್ಪ. ಪಕ್ಕದಿಂದ ಪೂರ್ವಿಯ ಮುಖ ನುಗ್ಗಿತು.

“ಗುರು, ತಲೆ ಕೆಟ್ಟಿದ್ಯೇನೋ? ನಾನು ಮನೀಷ್‌ನ ಮದುವೆ ಆಗ್ತಿದೀನಿ!”

“ಯಾರೇ ಅದು ಮನೀಷ್?” ಎಂದು ಅತ್ತೆ ಚೀರಿದರು. ಫೋನು ಕಟ್ಟಾಯಿತು.

ಅಮ್ಮ ಸಿಡಿಲು ಬಡಿದವಳಂತೆ ಕೂತುಬಿಟ್ಟಳು. ಚಂಪಾ ಆಂಟಿ ಮೆಲ್ಲನೆ ಮನೆಗೊಯ್ಯಲು ಬಾತು ತಪಾವ್ ಕಟ್ಟಿಕೊಂಡು ಜಾಗ ಖಾಲಿ ಮಾಡಿದರು. ಇದೇ ಸಮಯವೆಂದು ಗುರುದತ್ ಅಮ್ಮನ ಕಾಲ ಬಳಿ ಕೂತು ಮೂರನೇ ರಾಜನನ್ನೂ ನವ್ಯಾಳನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಆ ಸೀರೆ ಅಂಗಡಿ ಹುಡುಗೀನಾ? ಲಕ್ಷಣವಾಗಿದಾಳೆ. ಇದನ್ನ ಹೇಳಕ್ಕೆ ನಾರ್ವೆಗೆ ಯಾಕೋ ಹೋಗಬೇಕಿತ್ತು, ಪೆದ್ದಾ? ಹೋಗಿ ಕೇಳು.”

ಗುರುದತ್ ಅಂಗಡಿಗೆ ಓಡಿದ. ದೇವೇಂದ್ರ ಬಾಗಿಲಲ್ಲೇ ಅವನನ್ನು ತಬ್ಬಿ ಬಾಯಿಗೆ ಲಾಡು ತುರುಕಿದರು.

“ನನ್ನ ಕಣ್ಣು ತೆರೆಸಿದೆ ಕಣಪ್ಪಾ! ನನ್ನ ಹೆಂಡತಿಯ ಅಣ್ಣನ ಮಗ ಕೀರ್ತಿರಾಜ್ ಇದಾನೆ. ನವ್ಯಾ ಅವನಿಗೆ ಸೋದರತ್ತೆ ಮಗಳೇ. ಈ ಕಾಲದಲ್ಲಿ ಸಂಬಂಧದೊಳಗೇ ಕೊಟ್ರೆ ಜನ ನಗ್ತಾರೆ ಅಂತ ಸುಮ್ನಿದ್ದೆ. ರಾಜರೇ ಎರಡು ತಲೆಮಾರು ಹಂಗೆ ಮಾಡಿದಾರೆ ಅಂದ್ಮೇಲೆ ಇನ್ನೇನು? ಅಲ್ಲಿಂದಲೇ ಫೋನ್ ಮಾಡಿ ಮಾತು ಕೊಟ್ಬಿಟ್ಟೆ!”

ಲಾಡು ಗಂಟಲಲ್ಲೇ ನಿಂತಿತು. ಸೀರೆ ಮಡಿಸುತ್ತಿದ್ದ ನವ್ಯಾ ಕೆಂಗಣ್ಣು ಬಿಟ್ಟಳು. “ಈಗ್ಲಾದ್ರೂ ಹೇಳು, ಥರ್ಡ್ ಕಿಂಗ್!”

ಗುರುದತ್ ಲಾಡು ನುಂಗಿ ಹೇಳಿದ. ಬಟ್ಟೆ ವ್ಯಾಪಾರಿಯ ಮಗಳು, ಒಪ್ಪದ ಅಪ್ಪ, ಒಂಬತ್ತು ವರ್ಷ, ಏನನ್ನೂ ಬಿಡಲಿಲ್ಲ. ದೇವೇಂದ್ರ ಕಣ್ಣೊರೆಸಿಕೊಂಡರು. ಗುರುದತ್‌ಗೆ ಜೀವ ಬಂದಂತಾಯಿತು.

“ಬಟ್ಟೆ ಅಂಗಡಿ ಹುಡುಗಿಗೋಸ್ಕರ ಒಂಬತ್ತು ವರ್ಷ!” ಎಂದರು ಅವರು. “ನಮ್ ಕೀರ್ತಿನೂ ಹಂಗೇ ಕಣಪ್ಪಾ. ಹತ್ತು ವರ್ಷದಿಂದ ಕಾಯ್ತಿದಾನೆ. ನವ್ಯಾಗೆ ಹೇಳ್ಬೇಡಿ, ಬಲವಂತ ಆಗ್ಬಾರ್ದು ಅಂತಾನೆ. ಬಂದ ಹುಡುಗೀರನ್ನೆಲ್ಲ ಬೇಡ ಅಂದ. ನಾನೇ ಕಲ್ಲು ಮನಸ್ಸು ಮಾಡ್ಕೊಂಡಿದ್ದೆ.”

ನವ್ಯಾಳ ಕೈ ಸೀರೆಯ ಮೇಲೆ ನಿಂತಿತು. “ಹತ್ತು ವರ್ಷಾನಾ ಅಪ್ಪಾ?” ಎಂದಳು. ಅಷ್ಟು ಮೆತ್ತಗಿನ ದನಿಯನ್ನು ಗುರುದತ್ ಅವಳಿಂದ ಒಮ್ಮೆಯೂ ಕೇಳಿರಲಿಲ್ಲ.

“ಮದುವೆ ದಿನ ನೀನೇ ಮಾತಾಡ್ಬೇಕು” ಎಂದು ದೇವೇಂದ್ರ ಅವನ ಬೆನ್ನು ತಟ್ಟಿದರು.

“ಹೌದು ಗುರು” ಎಂದಳು ನವ್ಯಾ, ನಾಚುತ್ತಾ. “ಆವತ್ತಾದ್ರೂ ಮೂರನೇ ರಾಜನಿಂದ ಶುರು ಮಾಡು ಲಾ.”