ನಾನು ನೆಟ್ಟಗೆ ಮಾಡಿದ ಉಲ್ಟಾ ಕಾಯಿಲ್‌ಗಳು

ತಪ್ಪು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ, ಕನಿಕರ ಬರುತ್ತದೆ. ಏಳನೆಯ ತರಗತಿಗೇ ಶಾಲೆ ಬಿಟ್ಟು ಶಹಾಬಜಾರದ ಗಲ್ಲಿಯಲ್ಲಿ ಮೋಟರಿಗೆ ತಂತಿ ಸುತ್ತಲು ಕೂತವನು ನಾನು. ನಾನು ಸುತ್ತಿದ ಮೋಟರು ಅಂಗಡಿಗೆ ಮರಳಿ ಬಂದರೆ ಅದು ನನ್ನನ್ನು ಮಾತಾಡಿಸಿ ಹೋಗಲು ಬಂದಿರುತ್ತದೆ ಎನ್ನುತ್ತಾಳೆ ಹೆಂಡತಿ ಶಾಂತಾ. ಅದರಲ್ಲಿ ಕೊಂಕಿದೆ ಎಂದು ನನಗೆ ತಿಳಿದದ್ದು ಇತ್ತೀಚೆಗೆ.

ಮಗಳು ಸವಿತಾ ಭೌತಶಾಸ್ತ್ರ ಓದಿದವಳು. ಕಮಲಾಪುರದ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸಕ್ಕೆ ಮಾದರಿ ಪಾಠ ಮಾಡಿ ತೋರಿಸಬೇಕಿತ್ತು. ಅವಳು ಆರಿಸಿಕೊಂಡದ್ದು, ಸೂರ್ಯನೊಳಗೆ ನಡೆಯುವಂತೆ ಪರಮಾಣುಗಳನ್ನು ಬೆಸೆಯುವ ಯಂತ್ರದ ವಿಷಯ. ಕೋಟಿಗಟ್ಟಲೆ ಡಿಗ್ರಿ ಕಾದ ಪ್ಲಾಸ್ಮಾ ಎಂಬ ಅನಿಲವನ್ನು ಯಾವ ಪಾತ್ರೆಯೂ ತಡೆಯದು. ತಂತಿ ಸುತ್ತಿದ ಕಾಯಿಲ್‌ಗಳ ಅಯಸ್ಕಾಂತ ಬಲವೇ ಅದನ್ನು ಗೋಡೆಗೆ ತಾಗದಂತೆ ಹಿಡಿದಿಡುತ್ತದಂತೆ.

"ಹಿಡಿತ ಭಾಳ ಬಿಗಿ ಆದ್ರ ಅಂಚಿನ್ಯಾಗ ಒತ್ತಡ ಕೂಡಿ ಒಮ್ಮೆಲೇ ಸಿಡಿತದಪ್ಪಾ. ಗೋಡಿ ಸುಡ್ತದ."

"ನಿಮ್ಮಪ್ಪನ ಸಿಟ್ಟಿನಂಗ ಅನ್ನು" ಎಂದಳು ಶಾಂತಾ, ಅಡುಗೆಮನೆಯಿಂದ.

ಪಾಠಕ್ಕೆ ಮೇಜಿನ ಮೇಲಿಡುವ ಮಾದರಿಯನ್ನು ನಾನೇ ಮಾಡಿದೆ. ದೊಡ್ಡ ಕಾಯಿಲ್ ಒಂದು, ಅದರ ಅಂಚಿಗೆ ಪುಟ್ಟವು ಆರು. ಸವಿತಾಳ ನಕ್ಷೆಯಲ್ಲಿ ಪುಟ್ಟವುಗಳಲ್ಲಿ ಮೂರಕ್ಕೆ ತಂತಿಯ ಜೋಡಣೆ ಉಲ್ಟಾ! ನನ್ನ ಕಸುಬಿನಲ್ಲಿ ಒಂದು ಕಾಯಿಲ್ ಉಲ್ಟಾ ಬಿದ್ದರೂ ಮೋಟರು ಗುಂಯ್‌ಗುಟ್ಟಿ ಸುಟ್ಟುಹೋಗುತ್ತದೆ. ಓದಿದವರ ಕೈತಪ್ಪು ಎಂದುಕೊಂಡು, ಅವಳ ಮನಸ್ಸು ನೋಯದಿರಲೆಂದು, ಹೇಳದೆಯೇ ಎಲ್ಲವನ್ನೂ ನೆಟ್ಟಗೆ ಮಾಡಿಟ್ಟೆ.

ಕಮಲಾಪುರಕ್ಕೆ ಮಾದರಿ ಹೊತ್ತು ಹೋದವನು, ಪಾಠದ ಕೋಣೆಯ ಹಿಂದಿನ ಬೆಂಚಿನ ಮೇಲೆ ಮೀಸೆ ತಿರುವುತ್ತ ಕೂತಿದ್ದೆ. ಸವಿತಾ ಗಾಜಿನ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಸ್ವಿಚ್ ಒತ್ತಿ, ಗಾಜು ತಟ್ಟಿದಳು. ಅಂಚಿನಲ್ಲಿ ಅಲೆ ಏಳಬೇಕಿತ್ತಂತೆ. ಪುಡಿ ಕೈವಾರದಲ್ಲಿ ಗೀರಿದಷ್ಟು ದುಂಡಗೆ ನಿಂತಿತು. ಮೂವರು ಪರೀಕ್ಷಕರು ಕತ್ತೆತ್ತಿದರು. ಆಹಾ, ಎಂಥ ಕೆಲಸ ಎಂದು ನಾನು ಹಿಗ್ಗುತ್ತಿರುವಾಗಲೇ ಅವಳು ನನ್ನ ಕಡೆ ತಿರುಗಿದಳು. ಮುಖ ಬಿಳಿಚಿತ್ತು.

"ಅಪ್ಪಾ, ಮೂರು ಉಲ್ಟಾ ಹಾಕಿಲ್ಲೇನು?"

"ನೀ ತಪ್ಪು ಬರ್ದಿದ್ದಿ ಯವ್ವಾ, ಸರಿ ಮಾಡೀನಿ."

"ಬೇಕಂತಲೇ ಬರ್ದಿದ್ದೆ! ಅಂಚು ಜರಾ ಕೆಡಿಸಿದ್ರ ಒತ್ತಡ ಸಣ್ಣಗ ಸೋರಿ ಹೋಗ್ತದ. ದೊಡ್ಡ ಸಿಡಿತ ತಪ್ತದ."

ಅಷ್ಟು ಜನರೆದುರು ಸ್ಕ್ರೂಡ್ರೈವರ್ ಹಿಡಿದು ಎದ್ದುಹೋದೆ. ಮೂರು ಕಾಯಿಲ್‌ಗಳ ತಂತಿ ಅದಲುಬದಲು ಮಾಡಿದೆ. ಸವಿತಾ ಮತ್ತೆ ಗಾಜು ತಟ್ಟಿದೊಡನೆ ಅಂಚಿನಲ್ಲಿ ಅಲೆಯೆದ್ದಿತು.

"ತಪ್ಪು ಯಾರದ್ರೀ?" ಎಂದರು ಹಿರಿಯ ಪರೀಕ್ಷಕರು.

"ನಂದೇ ರೀ, ಸಾಹೇಬ್ರ."

ಆ ಮಾತು ನನ್ನ ಬಾಯಿಂದ ಹೊರಟದ್ದು ಅದೇ ಮೊದಲು. ನೋಡಿದರೆ, ನಾನು ಸಿಡಿದಿರಲಿಲ್ಲ, ಗೋಡೆಗೇನೂ ಆಗಿರಲಿಲ್ಲ.

ಕೆಲಸ ಸವಿತಾಳಿಗೇ ಸಿಕ್ಕಿತು. ಈಗ ನಾನೂ ದಿನಕ್ಕೊಮ್ಮೆ ಅಂಗಡಿಯಲ್ಲಿ ಯಾರೆದುರಾದರೂ "ತಪ್ಪು ನಂದೇ ರೀ" ಅನ್ನುವುದನ್ನು ರೂಢಿಸಿಕೊಂಡಿದ್ದೇನೆ. ತಪ್ಪನ್ನೂ ನನ್ನಷ್ಟು ಅಚ್ಚುಕಟ್ಟಾಗಿ ಒಪ್ಪಿಕೊಳ್ಳುವವನು ಇಡೀ ಶಹಾಬಜಾರದಲ್ಲಿ ಇನ್ನೊಬ್ಬನಿಲ್ಲ.